ಕ್ಷಮೆಗೆ ಅವಸರ ಬೇಡ: ಬಾಲ್ಯದ ಪೆಟ್ಟಿನಿಂದ ನಂಬಿಕೆಯ ಆಸರೆಯಲ್ಲಿ ಚೇತರಿಸಿಕೊಳ್ಳುವ ದಾರಿ

ಚಿಕ್ಕಂದಿನಲ್ಲಿ ಮನೆಯವರಿಂದಲೋ ನೆಂಟರಿಂದಲೋ ಮೇಷ್ಟ್ರಿಂದಲೋ ಹಿಂಸೆ ಉಂಡವರು ದೊಡ್ಡವರಾದ ಮೇಲೆ ಹೇಗೋ ಧೈರ್ಯ ಮಾಡಿ ಬಾಯಿ ಬಿಡುತ್ತಾರೆ. ಆಗ ಮೊದಲು ಕಿವಿಗೆ ಬೀಳುವ ಉತ್ತರ, "ಆಗಿದ್ದು ಆಗಿಹೋಯ್ತು, ಕ್ಷಮಿಸಿಬಿಡು, ದೇವರು ನೋಡ್ಕೋತಾನೆ." ಹೇಳಿದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕಟ್ಟಕಡೆಗೆ ಇಡಬೇಕಾದ ಹೆಜ್ಜೆಯನ್ನು ಅವರು ಎಲ್ಲಕ್ಕಿಂತ ಮೊದಲು ಇಡಿಸುತ್ತಿದ್ದಾರೆ. ಹಾಗೆ ಬಲವಂತವಾಗಿ ಹೇಳಿಸಿದ ಕ್ಷಮೆ ನಿಲ್ಲುವುದಿಲ್ಲ. ನಿದ್ದೆಗೇಡಾಗಿ, ಹೊಟ್ಟೆನೋವಾಗಿ, ಸ್ವಂತ ಮಕ್ಕಳ ಮೇಲಿನ ಸಿಟ್ಟಾಗಿ ಅದು ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ.

ಪ್ರಹ್ಲಾದನ ಕಥೆಯನ್ನು ನಾವೆಲ್ಲ ಭಕ್ತಿಯ ಕಥೆಯೆಂದೇ ಕೇಳಿ ಬೆಳೆದಿದ್ದೇವೆ. ಹೆತ್ತ ತಂದೆಯೇ ಹಿಂಸಿಸಿದ ಮಗುವಿನ ಕಥೆಯೂ ಅದೇ: ವಿಷ, ಆನೆ, ಹಾವು, ಬೆಂಕಿ, ಬೆಟ್ಟದ ತುದಿ. ಭಾಗವತದ ಏಳನೆಯ ಸ್ಕಂಧದಲ್ಲಿ ಘಟನೆಗಳು ಬರುವ ಕ್ರಮವನ್ನು ಗಮನಿಸಿ. ಮೊದಲು ನರಸಿಂಹ ಬಂದು ಅಪಾಯವನ್ನು ಕೊನೆಗಾಣಿಸುತ್ತಾನೆ. ಆಮೇಲೆ, ಒಂಬತ್ತನೆಯ ಅಧ್ಯಾಯದಲ್ಲಿ, ಹುಡುಗ ದೇವರ ಮುಂದೆ ನಿಂತು ಮನಸ್ಸು ಬಿಚ್ಚಿ ಮಾತಾಡುತ್ತಾನೆ. ತಂದೆಯ ಪಾಪ ತೊಳೆದುಹೋಗಲಿ ಎಂದು ಬೇಡಿಕೊಳ್ಳುವುದು ಹತ್ತನೆಯ ಅಧ್ಯಾಯದಲ್ಲಿ. ಮಹಾಭಾರತದ ವನಪರ್ವದಲ್ಲಿ ಮೊಮ್ಮಗ ಬಲಿ ಕೇಳಿದಾಗ, ಸದಾ ಕೋಪವೂ ಒಳ್ಳೆಯದಲ್ಲ, ಸದಾ ಕ್ಷಮೆಯೂ ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವನೂ ಇದೇ ಪ್ರಹ್ಲಾದ. ಈ ಲೇಖನದ ಮೆಟ್ಟಿಲುಗಳೂ ಅದೇ ಕ್ರಮದಲ್ಲಿವೆ.

ಅಪಾಯ ನಿಂತಿದೆಯೇ, ಮೊದಲು ಅದನ್ನು ನೋಡಿ

ನೋಯಿಸಿದವರಿಗೆ ಇವತ್ತಿಗೂ ನಿಮ್ಮನ್ನು ನೋಯಿಸುವ ಶಕ್ತಿ ಇದೆಯೇ? ಅವರ ಮನೆಯಲ್ಲೇ ಇದ್ದೀರಾ, ದುಡ್ಡಿಗೆ ಅವರನ್ನೇ ನೆಚ್ಚಿಕೊಂಡಿದ್ದೀರಾ, ಮನೆಯ ಕೀಲಿ ಅವರ ಹತ್ತಿರವೂ ಇದೆಯೇ? ಹೌದಾದರೆ ಈಗ ಕ್ಷಮೆಯ ಮಾತು ಎತ್ತಬೇಡಿ. ಬೇರೆ ವಾಸ, ಬೇರೆ ಬ್ಯಾಂಕ್ ಖಾತೆ, ವಿಷಯ ಗೊತ್ತಿರುವ ಒಬ್ಬ ಆಪ್ತರು, ಈ ಮೂರು ಮೊದಲಾಗಲಿ. ಜೀವ ಬೇಡ ಅನ್ನಿಸುವಷ್ಟು ಸಂಕಟವಾದರೆ ಪೂಜೆ, ಬರಹ, ಎಲ್ಲವನ್ನೂ ಅಲ್ಲಿಗೇ ಬಿಟ್ಟು 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಕ್ಷಣದ ಅಪಾಯವಿದ್ದರೆ 112.

ಇನ್ನೊಂದು ಪ್ರಶ್ನೆ ಇದಕ್ಕಿಂತ ಭಾರವಾದದ್ದು. ಆ ಮನುಷ್ಯನ ಸುತ್ತ ಈಗ ಯಾವುದಾದರೂ ಮಗು ಇದೆಯೇ? ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎಂದು ಪೋಕ್ಸೋ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿಯೂ ಇದೆ. ನೀವು ಆ ವ್ಯಕ್ತಿಯನ್ನು ಕ್ಷಮಿಸಿದ್ದೀರಿ ಎಂಬುದು ಆ ಮಗುವಿಗೆ ರಕ್ಷಣೆಯಾಗುವುದಿಲ್ಲ.

ನಿಮ್ಮದೇ ಹಳೆಯ ಪ್ರಕರಣಕ್ಕೆ ದೂರು ಕೊಡುವುದೋ ಬೇಡವೋ ನಿಮಗೆ ಬಿಟ್ಟದ್ದು. ಪೋಕ್ಸೋ ಜಾರಿಯಾದದ್ದು 2012ರ ನವೆಂಬರ್ 14ರಂದು. ಅದಕ್ಕೂ ಹಿಂದಿನ ಘಟನೆಗಳು ಆಗಿನ ದಂಡ ಸಂಹಿತೆಯಡಿ ಬರುತ್ತವೆ, ಹಾಗಾಗಿ ವಕೀಲರ ಸಲಹೆ ಬೇಕೇ ಬೇಕು. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರವಿರುತ್ತದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ದೂರು ಕೊಟ್ಟವರು ಕ್ಷಮಿಸಲಾರರು ಎಂಬುದು ಸುಳ್ಳು. ಮನಸ್ಸಿನಲ್ಲಿ ದ್ವೇಷ ಬಿಟ್ಟವರೂ ಕೋರ್ಟಿನಲ್ಲಿ ಸಾಕ್ಷಿ ನುಡಿಯಬಹುದು.

ಜಪಕ್ಕೆ ಕೂರುವ ಮೊದಲು ಮೈ ತಣ್ಣಗಾಗಲಿ

ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಹಳೆಯ ದೃಶ್ಯ ನುಗ್ಗುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಭಕ್ತಿ ಸಾಲದ್ದಕ್ಕೆ ಹೀಗಾಗುತ್ತಿಲ್ಲ. ಚಿಕ್ಕಂದಿನಿಂದ ಅಪಾಯ ಕಾಯುತ್ತಲೇ ಬೆಳೆದ ಮೈ, ಸದ್ದಡಗಿ ಕತ್ತಲಾದರೆ ಈಗಲೂ ಎಚ್ಚರಿಕೆ ಕೊಡುತ್ತದೆ. ಆದ್ದರಿಂದ ಕೂರುವ ರೀತಿಯನ್ನೇ ಬದಲಿಸಿ.

ಬೆನ್ನು ಗೋಡೆಗೆ ಕೊಟ್ಟು, ಬಾಗಿಲು ಕಾಣುವಂತೆ ಕೂರಿ. ಕಣ್ಣು ತೆರೆದಿರಲಿ, ದೀಪದ ಮೇಲೋ ನೆಲದ ಒಂದು ಬಿಂದುವಿನ ಮೇಲೋ ದೃಷ್ಟಿ ಇರಲಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಹತ್ತು ಸಲ. ಹೊರಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಆಮೇಲೆ ನಾಮ ಹೇಳಿ, ಮನಸ್ಸಿನಲ್ಲಲ್ಲ, ಬಾಯಿ ಬಿಟ್ಟು, ನಿಮ್ಮ ಕಿವಿಗೆ ಕೇಳುವಷ್ಟು. ಜಪಮಣಿಯೋ ರೋಸರಿಯೋ ತಸ್ಬಿಯೋ ಕೈಯಲ್ಲಿದ್ದರೆ ಬೆರಳಿಗೆ ಹಿಡಿತ ಸಿಗುತ್ತದೆ. ಮೊದಲ ಎರಡು ವಾರ ಐದು ನಿಮಿಷ ಸಾಕು. 108 ಮುಗಿಸಲೇಬೇಕೆಂಬ ಹಟ ಬೇಡ.

ನಡುವೆ ಗಾಬರಿ ಹೆಚ್ಚಾದರೆ ನಿಲ್ಲಿಸಿ, ಕಣ್ಣಿಗೆ ಕಾಣುವ ಐದು, ಮುಟ್ಟಬಹುದಾದ ನಾಲ್ಕು, ಕಿವಿಗೆ ಬೀಳುವ ಮೂರು, ಮೂಗಿಗೆ ಬರುವ ಎರಡು, ನಾಲಿಗೆಗೆ ಸಿಗುವ ಒಂದನ್ನು ಹೆಸರಿಸಿ. ಇವತ್ತಿನ ತಾರೀಖು, ಊರು, ನಿಮ್ಮ ಈಗಿನ ವಯಸ್ಸನ್ನು ಜೋರಾಗಿ ಹೇಳಿಕೊಳ್ಳಿ. ಕರ್ಪೂರದ ವಾಸನೆಯೋ ಅಗರಬತ್ತಿಯೋ ಆ ದಿನಗಳನ್ನು ಎಳೆದು ತಂದರೆ ಅದನ್ನು ಬಿಡಿ, ಬರೀ ಹೂವು ಸಾಕು. ಹಿಂಸೆ ನಡೆದದ್ದೇ ದೇವಸ್ಥಾನದಲ್ಲಿ, ಮಠದಲ್ಲಿ, ಚರ್ಚಿನಲ್ಲಿ, ಮದರಸಾದಲ್ಲಿ ಆಗಿದ್ದರೆ ಅಲ್ಲಿಗೆ ಹೋಗುವ ಋಣ ನಿಮಗಿಲ್ಲ. ಹಿತ್ತಲಿನ ಮರದಡಿ ಹೇಳಿದ ಪ್ರಾರ್ಥನೆಗೂ ಅಷ್ಟೇ ಬೆಲೆ.

ಹತ್ತು ದಿನದ ಮೌನ ಶಿಬಿರಗಳಿಗೆ ಮನೋವೈದ್ಯರನ್ನು ಕೇಳದೆ ಹೋಗಬೇಡಿ. ಮಾತಿಲ್ಲದೆ ದಿನಕ್ಕೆ ಹಲವು ತಾಸು ಕೂತಾಗ ಹಳೆಯ ನೆನಪುಗಳು ಒಮ್ಮೆಲೇ ಎದ್ದರೆ ಹಿಡಿದುಕೊಳ್ಳುವವರು ಅಲ್ಲಿ ಇರುವುದಿಲ್ಲ. ಉಪವಾಸದ ವಿಷಯದಲ್ಲೂ ಎಚ್ಚರ ಬೇಕು. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರೂ ಬಿಟ್ಟು ಏಕಾದಶಿಯನ್ನೋ ರೋಜಾವನ್ನೋ ಆಚರಿಸಿದರೆ ಮೈಯಲ್ಲಿ ನೀರು ಇಂಗಿ ರಕ್ತದಲ್ಲಿ ಲಿಥಿಯಂ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು.

ದೇವರನ್ನು ಕರೆಯುವ ಹೆಸರೂ ಮುಖ್ಯ. ಅಪ್ಪನಿಂದಲೇ ಪೆಟ್ಟು ತಿಂದವರಿಗೆ "ತಂದೆಯೇ" ಎನ್ನಲು ಗಂಟಲು ಕಟ್ಟುತ್ತದೆ. ಹಾಗಾದರೆ ಬೇರೆ ಹೆಸರು ಹಿಡಿಯಿರಿ: ತಾಯಿ, ಗೆಳೆಯ, ಗುರು, ಕುರುಬ, ಬಂಡೆ, ಬೆಳಕು. ಎಲ್ಲ ಪರಂಪರೆಗಳಲ್ಲೂ ಇಂಥ ಹೆಸರುಗಳು ಬೇಕಾದಷ್ಟಿವೆ.

ದೇವರ ಮುಂದೆ ದೂರು ಹೇಳಿ

ಮೈ ಸ್ವಲ್ಪ ಹತೋಟಿಗೆ ಬಂದ ಮೇಲೆ ಬರುವ ಮೆಟ್ಟಿಲು ಇದು. ಹೆಚ್ಚಿನವರು ಇದನ್ನು ದಾಟಿ ಹಾರುತ್ತಾರೆ, ಯಾಕೆಂದರೆ ದೇವರ ಮುಂದೆ ಸಿಟ್ಟು ತೋರಿಸುವುದು ಪಾಪ ಎಂದು ನಮಗೆ ಕಲಿಸಲಾಗಿದೆ. ಬಸವಣ್ಣನವರ ಒಂದು ವಚನ ಹೀಗೆ ಮುಗಿಯುತ್ತದೆ: "ತಾಯ ಮೊಲೆಹಾಲು ನಂಜಾಗಿ ಕೊಲುವಡೆ ಇನ್ನಾರಿಗೆ ದೂರುವೆ ಕೂಡಲಸಂಗಮದೇವಾ." ಕಾಯಬೇಕಾದ ಬೇಲಿಯೇ ಹೊಲ ಮೇಯ್ದಾಗ ಏಳುವ ಕೂಗು ಇದು, ದೇವರ ಹೆಸರು ಹಿಡಿದೇ ಕೂಗಿದ್ದು. ಬೈಬಲ್ಲಿನ 13ನೆಯ ಕೀರ್ತನೆ "ಎಷ್ಟು ಕಾಲ ನನ್ನನ್ನು ಮರೆತಿರುವೆ" ಎಂದು ಕೇಳುತ್ತದೆ. 88ನೆಯದಂತೂ ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ನಿಲ್ಲುತ್ತದೆ. ಅದನ್ನೂ ಪ್ರಾರ್ಥನೆಯೆಂದೇ ಎಣಿಸಿ ಉಳಿಸಿಕೊಂಡಿದ್ದಾರೆ. ಕುರ್‌ಆನಿನ 4ನೆಯ ಅಧ್ಯಾಯದ 148ನೆಯ ವಚನವು ಕೆಟ್ಟದ್ದನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹ್ ಮೆಚ್ಚುವುದಿಲ್ಲ ಎನ್ನುತ್ತಲೇ, ಅನ್ಯಾಯಕ್ಕೆ ಒಳಗಾದವರನ್ನು ಅದರಿಂದ ಹೊರಗಿಡುತ್ತದೆ.

ದೂರನ್ನು ಬರೆಯುವುದಕ್ಕೆ ಒಂದು ಅಳತೆ ಇದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಪರೀಕ್ಷಿಸಿದ ಕ್ರಮವಿದು: ದಿನಕ್ಕೆ 15ರಿಂದ 20 ನಿಮಿಷ, ಮೂರು ನಾಲ್ಕು ದಿನ. ಕಾಗುಣಿತ, ವ್ಯಾಕರಣ ನೋಡದೆ, ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಈಗ ಅನ್ನಿಸುತ್ತಿರುವುದನ್ನೂ ಬರೆಯುತ್ತಾ ಹೋಗುವುದು. ನಂಬಿಕೆಯುಳ್ಳವರು ಇದನ್ನು ದೇವರಿಗೆ ಬರೆಯುವ ಪತ್ರವಾಗಿಸಿಕೊಳ್ಳಬಹುದು. ಅತಿ ಘೋರವಾದದ್ದರಿಂದ ಶುರು ಮಾಡಬೇಡಿ. ಹತ್ತಕ್ಕೆ ನಾಲ್ಕರಷ್ಟು ನೋಯುವ ಒಂದು ಘಟನೆ ಆರಿಸಿ. ಫೋನಿನಲ್ಲಿ ಅಲಾರಂ ಇಡಿ, ಹೊಡೆದ ಕೂಡಲೇ ವಾಕ್ಯದ ನಡುವೆಯಾದರೂ ಪೆನ್ನು ಕೆಳಗಿಡಿ. ಮಲಗುವ ಮುಂಚಿನ ಹೊತ್ತು ಬೇಡ, ಸಂಜೆ ನಾಲ್ಕೈದರ ಹೊತ್ತು ಒಳ್ಳೆಯದು. ಬರೆದ ಮೇಲೆ ಮುಖ ತೊಳೆದು, ಕಾಫಿ ಕುಡಿದು, ಹತ್ತು ನಿಮಿಷ ನಡೆದಾಡಿ. ಯಾರಿಗೂ ಕಳಿಸಬೇಡಿ. ಮನೆಯಲ್ಲಿ ಯಾರಾದರೂ ಓದಿಬಿಡುವ ಭಯವಿದ್ದರೆ ಅಂದಂದಿನದನ್ನು ಅಂದೇ ಸುಟ್ಟುಬಿಡಿ.

ಮೊದಲ ಒಂದೆರಡು ದಿನ ದುಃಖ ಹೆಚ್ಚುವುದು ಸಹಜ. ಬರೆಯುವುದು ನಿಂತು ಎರಡು ವಾರವಾದರೂ ನಿದ್ದೆ, ಊಟ, ಕೆಲಸ ಕೆಡುತ್ತಲೇ ಇದ್ದರೆ, ಮುಂದಿನದನ್ನು ಒಬ್ಬರೇ ಬರೆಯಬೇಡಿ. ಆಪ್ತಸಮಾಲೋಚಕರ ಜೊತೆಯಲ್ಲಿ ಮಾಡಿ.

ಧರ್ಮದ ಹೆಸರಲ್ಲಿ ಹೊರಿಸಿದ ಮಾತುಗಳನ್ನು ಇಳಿಸಿ

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ, ನಿಮಗೆ ಹೇಳಲಾದ ಮಾತು. ಬಲಗಡೆ, ಅದೇ ಧರ್ಮದಲ್ಲಿ ಅದರ ಪಕ್ಕದಲ್ಲೇ ಇದ್ದು ನಿಮಗೆ ಯಾರೂ ಹೇಳದ ಮಾತು. "ಮಾತೃದೇವೋ ಭವ, ಪಿತೃದೇವೋ ಭವ" ಎಂದು ಹೇಳಿ ಬಾಯಿ ಮುಚ್ಚಿಸುತ್ತಾರೆ. ತೈತ್ತಿರೀಯ ಉಪನಿಷತ್ತಿನಲ್ಲಿ ಅದರ ಬೆನ್ನಿಗೇ, ದೋಷವಿಲ್ಲದ ಕೆಲಸಗಳನ್ನು ಮಾತ್ರ ಅನುಸರಿಸು, ಬೇರೆಯವನ್ನಲ್ಲ ಎಂದಿದೆ. "ಮುನಿಯಬೇಡ" ಎಂಬ ಮಾತನ್ನು ನಿಮಗೆ ಹೇಳಿದವರು, ಅದೇ ವಚನದ "ಕಳಬೇಡ, ಕೊಲಬೇಡ"ವನ್ನು ನೋಯಿಸಿದವರಿಗೆ ಹೇಳಿದ್ದರೇ? ಎಪ್ಪತ್ತೇಳು ಸಲ ಕ್ಷಮಿಸು ಎಂಬ ಮಾತು ಬರುವ, ಬೈಬಲ್ಲಿನ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲೇ, ಪುಟ್ಟವರನ್ನು ಎಡವಿಸುವವನಿಗೆ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎಂಬ ಮಾತೂ ಇದೆ.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು "ನಿನ್ನ ಪೂರ್ವಜನ್ಮದ ಕರ್ಮ" ಎಂಬ ಮಾತು. ಕರ್ಮ ಮಾಡಿದವನಿಗೆ ಅಂಟುತ್ತದೆ. ಕೈ ಎತ್ತಿದವನು ಈ ಜನ್ಮದಲ್ಲಿ, ತನ್ನ ಆಯ್ಕೆಯಿಂದ, ಈ ಕೆಲಸ ಮಾಡಿದ. ಆರು ವರ್ಷದ ಮಗುವಿನ ಲೆಕ್ಕಕ್ಕೆ ಅದನ್ನು ಬರೆಯುವ ಹಕ್ಕು ಯಾವ ಗುರುವಿಗೂ ಇಲ್ಲ. "ನಮ್ಮಂಥ ಮನೆತನದಲ್ಲಿ ಹಾಗೆಲ್ಲ ನಡೆಯಲ್ಲ" ಎನ್ನುವವರಿಗೂ ಉತ್ತರವಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. 53.22 ಶೇಕಡಾ ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿರುವುದಾಗಿ ಹೇಳಿದ್ದರು.

ಯಾರ ಹತ್ತಿರ ಹೇಳಿಕೊಳ್ಳುವುದು

ಸ್ವಾಮೀಜಿ, ಪಾದ್ರಿ, ಮೌಲ್ವಿ, ಭಜನಾ ಮಂಡಳಿಯ ಹಿರಿಯಮ್ಮ, ಯಾರೇ ಆಗಲಿ, ಮೊದಲು ಒಂದು ಚಿಕ್ಕ ಮಾತು ಹೇಳಿ ನೋಡಿ: "ಚಿಕ್ಕವಯಸ್ಸಿನಲ್ಲಿ ನನಗೆ ಮನೆಯಲ್ಲಿ ಹಿಂಸೆಯಾಗಿತ್ತು." ಪೂರ್ತಿ ಕೇಳಿಸಿಕೊಂಡು, "ನಿಮ್ಮ ತಪ್ಪಲ್ಲ, ಈಗ ಕ್ಷೇಮವಾಗಿದ್ದೀರಾ" ಎಂದು ವಿಚಾರಿಸಿದವರ ಹತ್ತಿರ ಮುಂದುವರಿಯಿರಿ. ಕೂಡಲೇ ಉಪದೇಶಕ್ಕೆ ಇಳಿದವರು, ವಿವರಗಳನ್ನು ಕೆದಕಿದವರು, ಯಾರಿಗೂ ಹೇಳಬೇಡ ಎಂದವರು, ಬಾಗಿಲು ಮುಚ್ಚಿ ಒಬ್ಬರನ್ನೇ ಕರೆದವರು, ಮಾತ್ರೆ ಬಿಡು ಎಂದವರು, ಇವರಿಂದ ಎದ್ದು ಬನ್ನಿ. ಮೈಮೇಲೆ ಗಾಳಿ ಇದೆ ಎಂದು ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ತಡೆ ಕಾಯ್ದೆಯಡಿ ಅಪರಾಧ.

ಜೊತೆಗೆ ವೈದ್ಯಕೀಯ ನೆರವೂ ಇರಲಿ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್, ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗ, ಎಲ್ಲಿಗಾದರೂ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಚೀಟಿ ಕೌಂಟರಿನಲ್ಲಿ ಕೇಳಿಕೊಳ್ಳಿ. ಆಘಾತದ ನೆನಪುಗಳಿಗೆ ಟ್ರಾಮಾ ಕೇಂದ್ರಿತ ಸಿಬಿಟಿ (ಆಘಾತಕ್ಕೆ ಅಂಟಿದ ಯೋಚನೆ, ನಡವಳಿಕೆಗಳನ್ನು ಮಾತುಕತೆಯ ಮೂಲಕ ತಿದ್ದುವುದು), ಇಎಂಡಿಆರ್ (ಕಣ್ಣನ್ನು ಅತ್ತಿತ್ತ ಆಡಿಸುತ್ತಾ ನೆನಪಿನ ತೀವ್ರತೆ ಇಳಿಸುವುದು) ಎಂಬ ಎರಡು ಚಿಕಿತ್ಸೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ಇವುಗಳಲ್ಲಿ ತರಬೇತಿ ಇದೆಯೇ ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 12 ಭೇಟಿ ಬೇಕಾಗುತ್ತದೆ. ವರ್ಷಗಟ್ಟಲೆ ನಡೆದ ಹಿಂಸೆಗೆ ಇನ್ನೂ ಹೆಚ್ಚು. ಮೊದಲ ಭೇಟಿಯಲ್ಲೇ ನಿಮ್ಮ ಪೂಜೆ, ಪ್ರಾರ್ಥನೆಯ ಬಗ್ಗೆಯೂ ಹೇಳಿಬಿಡಿ. ಒಳ್ಳೆಯ ಸಮಾಲೋಚಕರು ಅದನ್ನು ಬಳಸಿಕೊಳ್ಳುತ್ತಾರೆ.

ಈಗ ಕ್ಷಮೆಯ ಮಾತು

ಎಷ್ಟು ಸಮಯ ಹಿಡಿಯುತ್ತದೆ ಎಂಬುದಕ್ಕೆ ಒಂದು ಪ್ರಾಮಾಣಿಕ ಅಳತೆ ಹೇಳುತ್ತೇವೆ. ಅಮೆರಿಕದ ಸುಝಾನ್ ಫ್ರೀಡ್‌ಮನ್ ಮತ್ತು ರಾಬರ್ಟ್ ಎನ್‌ರೈಟ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 12 ಮಹಿಳೆಯರು ಇದ್ದರು. ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ವಾರಕ್ಕೊಮ್ಮೆ ಮಾರ್ಗದರ್ಶನ ಸಿಗುತ್ತಿತ್ತು. ಕ್ಷಮೆಯವರೆಗೆ ಬರಲು ಸರಾಸರಿ 14 ತಿಂಗಳು ಬೇಕಾಯಿತು. ಶಿಬಿರದ ಕೊನೆಯ ರಾತ್ರಿ ಎಲ್ಲರ ಎದುರು ಕೈ ಎತ್ತಿಸಿ "ಕ್ಷಮಿಸಿದೆ" ಎನ್ನಿಸುವುದು ಯಾಕೆ ಬಾಳುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಮೊದಲು ಲೆಕ್ಕ ಬರೆಯಿರಿ. ಏನೇನು ಕಳೆದುಹೋಯಿತು: ಓದು, ನಿದ್ದೆ, ಗಂಡಸರ ಮೇಲಿನ ನಂಬಿಕೆ, ಹಬ್ಬದ ಸಂತೋಷ, ಅಮ್ಮನ ಮಡಿಲು. ಸಾಲ ಎಷ್ಟೆಂದು ತಿಳಿಯದೆ ಮನ್ನಾ ಮಾಡಲು ಆಗುವುದಿಲ್ಲ. ಈ ಪಟ್ಟಿಗೆ ಒಂದು ತಿಂಗಳಾದರೂ ಕೊಡಿ.

ಆಮೇಲೆ ನಿರ್ಧಾರ. ಇಲ್ಲಿ ಬಿಡಬೇಕಾದದ್ದು ಒಂದೇ: ಸೇಡು ತೀರಿಸಿಕೊಳ್ಳಬೇಕೆಂಬ ಹಂಬಲ. ಮರೆಯಬೇಕಿಲ್ಲ. ಮಾಡಿದ್ದು ಸರಿ ಎನ್ನಬೇಕಿಲ್ಲ. ಮತ್ತೆ ಒಡನಾಡಬೇಕಿಲ್ಲ. ಪ್ರಾರ್ಥನೆಯ ಮಾತುಗಳು ಹೀಗಿರಬಹುದು: "ಇವರು ನನಗೆ ಇಂಥದ್ದು ಮಾಡಿದರು. ಅದು ತಪ್ಪು. ಅದಕ್ಕೆ ಪ್ರತಿಯಾಗಿ ಇವರಿಗೆ ಕೇಡು ಮಾಡುವುದನ್ನು ನಾನು ಕೈಬಿಡುತ್ತೇನೆ. ನ್ಯಾಯವನ್ನು ನಿನಗೂ ಕಾನೂನಿಗೂ ಬಿಟ್ಟಿದ್ದೇನೆ." ತಪ್ಪನ್ನು ಹೆಸರಿಟ್ಟು ಹೇಳುವ ವಾಕ್ಯ ಬಿಟ್ಟುಹೋಗಬಾರದು, ಅದಿಲ್ಲದಿದ್ದರೆ ಬಾಯಿ ಕ್ಷಮಿಸುತ್ತದೆ, ಹೊಟ್ಟೆ ಉರಿಯುತ್ತಲೇ ಇರುತ್ತದೆ. ಬಾಯಿಗೆ ಬರದಿದ್ದರೆ "ಕ್ಷಮಿಸುವ ಮನಸ್ಸಾದರೂ ಕೊಡು" ಎಂದಷ್ಟೇ ಕೇಳಿ ಎದ್ದುಬಿಡಿ. ಇಷ್ಟನ್ನೇ ಹಲವು ತಿಂಗಳು ಹೇಳುವವರಿದ್ದಾರೆ, ಅದರಲ್ಲಿ ಕೊರತೆಯೇನಿಲ್ಲ.

ಅವರೂ ಚಿಕ್ಕಂದಿನಲ್ಲಿ ಏನು ಉಂಡಿದ್ದರು ಎಂದು ಯೋಚಿಸುವುದು ಇದರ ಮುಂದಿನ ಕೆಲಸ. ಎಲ್ಲರಿಗೂ ಇದು ಬೇಕಾಗುವುದಿಲ್ಲ. ಯೋಚಿಸಿದಾಗ ನಿಮ್ಮ ಮೇಲೆಯೇ ಅಪರಾಧ ಭಾವ ಬಂದರೆ, ಇನ್ನೂ ಸಮಯ ಬಂದಿಲ್ಲವೆಂದು ತಿಳಿದು ಪಕ್ಕಕ್ಕಿಡಿ. ದಶಲಕ್ಷಣ ಪರ್ವದ ನಂತರ ಕ್ಷಮಾವಾಣಿ ಆಚರಿಸುವ ಜೈನ ಮನೆಗಳಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುವ ರೂಢಿಯಿದೆ. ನೊಂದವರು ನೋಯಿಸಿದವರ ಮುಂದೆ ಹೋಗಿ ಕೈ ಮುಗಿಯಬೇಕಾಗಿಲ್ಲ, ಸಕಲ ಜೀವಗಳಿಗೆಂದು ಮನೆಯಲ್ಲೇ ಹೇಳಿದರೆ ನಡೆಯುತ್ತದೆ.

ಹಬ್ಬದ ದಿನವೋ, ನಿಮ್ಮ ಮಗುವಿಗೆ ನಿಮ್ಮ ಆಗಿನ ವಯಸ್ಸೇ ಆದಾಗಲೋ ಸಿಟ್ಟು ಮರಳಿ ಬರುತ್ತದೆ. ಮಾಡಿದ್ದೆಲ್ಲ ನೀರುಪಾಲಾಯಿತೆಂದು ಹೆದರಬೇಡಿ. ನಿರ್ಧಾರದ ಮಾತುಗಳನ್ನೇ ಮತ್ತೆ ಹೇಳಿ.

ಎದುರಾದಾಗ

ಬೈಬಲ್ಲಿನ ಕಥೆಯಲ್ಲಿ ಯೋಸೇಫನನ್ನು ಅಣ್ಣಂದಿರು ಮಾರಿದ ಕಾಲಕ್ಕೆ ಅವನಿಗೆ 17 ವರ್ಷ. ತಾನು ಯಾರೆಂದು ಅವರಿಗೆ ಹೇಳಿದ್ದು ಸುಮಾರು 22 ವರ್ಷದ ಮೇಲೆ, ಅದೂ ಅವರು ಬದಲಾಗಿದ್ದಾರೆಯೇ ಎಂದು ಪರೀಕ್ಷಿಸಿ ನೋಡಿದ ನಂತರ. ನೀವೂ ನೋಡಬಹುದು. ತಪ್ಪನ್ನು ಸ್ಪಷ್ಟವಾಗಿ ಒಪ್ಪಿಕೊಂಡರೇ, ನೆಪ ಹೇಳಿದರೇ, "ನೀನೂ ಹಾಗೇ ಇದ್ದೆ" ಎಂದರೇ, ನಿಮ್ಮ ಗಡಿಯನ್ನು ಆರು ತಿಂಗಳಾದರೂ ಮೀರದೆ ಇದ್ದರೇ?

ಮದುವೆ, ಗೃಹಪ್ರವೇಶಗಳು ಕಷ್ಟದ ಜಾಗ. ಯಾವ ಮುಹೂರ್ತಕ್ಕೆ ಹೋಗಿ ಯಾವ ಬಸ್ಸಿಗೆ ವಾಪಸಾಗುವಿರೆಂದು ಮೊದಲೇ ನಿಶ್ಚಯಿಸಿ. ವಿಷಯ ಗೊತ್ತಿರುವ ಒಬ್ಬರು ಜೊತೆಗಿರಲಿ, ಊಟದ ಪಂಕ್ತಿಯಲ್ಲೂ ಅವರೇ ಪಕ್ಕದಲ್ಲಿ ಕೂರಲಿ. "ದೊಡ್ಡಪ್ಪನ ಕಾಲಿಗೆ ಬೀಳು" ಎಂದು ಯಾರಾದರೂ ತಳ್ಳಿದರೆ ದೂರದಿಂದ ಕೈ ಮುಗಿದು "ಇಲ್ಲಿಂದಲೇ ಆಯ್ತು ಅತ್ತೆ" ಎಂದು ಮುಂದೆ ಸರಿಯಿರಿ, ಕಾರಣ ಹೇಳಬೇಡಿ. ನಿಮ್ಮ ಮಕ್ಕಳನ್ನು ಅವರ ತೊಡೆಯ ಮೇಲೆ ಕೂರಿಸಲು ಬಿಡಬೇಡಿ, ಯಾರು ಏನೇ ಅಂದುಕೊಳ್ಳಲಿ.

ಕಾಪಾಡದ ಅಮ್ಮ, ಸತ್ತುಹೋದ ಅಪ್ಪ

ಹೊಡೆದವರಿಗಿಂತ ನೋಡಿಯೂ ಸುಮ್ಮನಿದ್ದವರನ್ನು ಕ್ಷಮಿಸುವುದು ಬಹಳ ಮಂದಿಗೆ ಕಷ್ಟ. ಅಮ್ಮನಿಗೆ ಪ್ರತ್ಯೇಕ ಲೆಕ್ಕ ಬರೆಯಿರಿ, ಅಪ್ಪನದರ ಜೊತೆ ಸೇರಿಸಬೇಡಿ. ಅವಳಿಗೆ ಗೊತ್ತಿತ್ತೇ, ಗೊತ್ತಿದ್ದರೆ ಏನು ಮಾಡಲು ಸಾಧ್ಯವಿತ್ತು, ಏನು ಮಾಡಲಿಲ್ಲ. ತವರಿನ ಆಸರೆ, ಕೈಯಲ್ಲಿ ಕಾಸು ಇಲ್ಲದವಳ ಅಸಹಾಯಕತೆಯನ್ನು ಒಪ್ಪಿಕೊಂಡೂ "ಆದರೂ ನನ್ನನ್ನು ಅಪ್ಪಿಕೊಳ್ಳಬಹುದಿತ್ತು" ಎಂದು ಬರೆಯಬಹುದು. ಎರಡೂ ನಿಜ.

ಸತ್ತವರಿಂದ ತಪ್ಪೊಪ್ಪಿಗೆ ಇನ್ನು ಬರುವುದಿಲ್ಲ. ಹಾಗಾಗಿ ಅದಕ್ಕೆ ಕಾಯದೆ, ಅವರಿಗೊಂದು ಪತ್ರ ಬರೆದು ಫೋಟೋದ ಮುಂದೆಯೋ ಸಮಾಧಿಯ ಹತ್ತಿರವೋ ಓದಿ. ಶ್ರಾದ್ಧದ ಪ್ರಶ್ನೆ ಬಂದರೆ, ಅಣ್ಣತಮ್ಮಂದಿರಿದ್ದಲ್ಲಿ ಕರ್ತೃತ್ವವನ್ನು ಅವರಿಗೇ ಬಿಡಬಹುದು. ನೀವೇ ಮಾಡಬೇಕಾಗಿ ಬಂದರೆ ಪುರೋಹಿತರನ್ನು ಕೇಳಿ ಸಂಕ್ಷೇಪವಾಗಿ ಎಳ್ಳುನೀರಿನ ತರ್ಪಣ ಮಾತ್ರ ಇಟ್ಟುಕೊಳ್ಳಿ. ಅದು ಪಿತೃಋಣದ ಕರ್ಮ, ಸತ್ತವರು ಒಳ್ಳೆಯವರಾಗಿದ್ದರೆಂದು ನೀವು ಬರೆದುಕೊಡುವ ಪ್ರಮಾಣಪತ್ರವಲ್ಲ. ನೀರು ಬಿಡುವಾಗ ಸಿಟ್ಟೋ ಅಳುವೋ ಬಂದರೆ ತರ್ಪಣ ಕೆಟ್ಟಿತೆಂದು ಭಯಪಡಬೇಡಿ. ಮಹಾಲಯ ಅಮಾವಾಸ್ಯೆ, ವರ್ಷದ ತಿಥಿ, ಕ್ರೈಸ್ತರಿಗೆ ಸತ್ತವರ ಸ್ಮರಣೆಯ ನವೆಂಬರ್ 2, ಈ ದಿನಗಳನ್ನು ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅವುಗಳ ಮರುದಿನಕ್ಕೆ ಸಮಾಲೋಚಕರ ಭೇಟಿ ಗೊತ್ತುಮಾಡಿಕೊಳ್ಳಿ.